ಕಾರಿಗೆ ಕುಡಿಸಿದ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಬಂದರೆ ಎಲ್ಲರಿಗೂ ಬಾಣಂತಿ ಕೋಣೆ ನೆನಪಾಗುತ್ತದೆ. ನನಗೆ ಕಾರು ನೆನಪಾಗುತ್ತದೆ. ನಗಬೇಡಿ. ಇವತ್ತು ಬೆಳಿಗ್ಗೆ ನನ್ನ ಮಗಳು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಪಕ್ಕದಲ್ಲಿ ಅವಳ ಅಜ್ಜಿಯ ಕಾಲದ ಹಿತ್ತಾಳೆಯ ಒಳಲೆ ಇತ್ತು, ಮಕ್ಕಳಿಗೆ ಹಾಲು ಕುಡಿಸುವ ಆ ಪುಟ್ಟ ಕೊಕ್ಕಿನ ಬಟ್ಟಲು. "ಅಪ್ಪಾ, ನೀನೂ ಒಂದು ತೊಟ್ಟು ಒತ್ತು ಬಾ" ಎಂದಳು. ಹತ್ತಿರ ಹೋದವನು ವಾಸನೆ ಮೂಗಿಗೆ ಬಡಿದದ್ದೇ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತಾತನಾದ ಮೇಲೂ ಎಣ್ಣೆಗೆ ಹೆದರುವ ಗಂಡಸನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ನಾವೀಗ ಇರುವ ಪಾಂಡವಪುರದ ಈ ಮನೆ ನನ್ನ ಮಾವನದು. ಮಾವ ಎತ್ತಿನ ಗಾಡಿಯಿಂದ ನೇರವಾಗಿ ಕಾರಿಗೆ ಇಳಿದವರು. ತೊಂಬತ್ತರ ದಶಕ ಶುರುವಾದಾಗ, ಊರಿನಲ್ಲಿ ಕಾರು ಇನ್ನೂ ಮದುವೆಗಂಡಿಗೆ ಮಾತ್ರ ಅನ್ನುವಂತಿದ್ದ ಕಾಲದಲ್ಲಿ, ಯಾರೋ ಓಡಿಸಿ ಬಿಟ್ಟ ಬೂದು ಬಣ್ಣದ ಕಾರೊಂದನ್ನು ಕೊಂಡು ತಂದು ಹಿತ್ತಲ ಹೆಂಚಿನ ಶೆಡ್ಡಿನಲ್ಲಿ, ಎತ್ತುಗಳನ್ನು ಕಟ್ಟುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು. ಅದರ ಎಂಜಿನ್ ಆಯಿಲನ್ನು ತಾವೇ ಬದಲಾಯಿಸಬೇಕು, ಮೆಕ್ಯಾನಿಕ್ಕು ಮುಟ್ಟುವಂತಿರಲಿಲ್ಲ. "ನಮ್ಮೆತ್ತಿಗೆ ಇನ್ನೊಬ್ರ ಕೈಲಿ ಉಲ್ಲಾಕ್ಸದಾ ಅಳಿಯಂದ್ರೆ?" ಎನ್ನುತ್ತಿದ್ದರು. ಹೊಸ ಎಣ್ಣೆ ಹುಯ್ದಾದ ಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಒಟ್ಟೆ ತುಂಬ್ತೇನ್ಲಾ?" ಎಂದು ಕೇಳುವರು. ಕೇಳಿ ಸುಮ್ಮನಾಗುತ್ತಿರಲಿಲ್ಲ. ಉತ್ತರ ಬರುವವರೆಗೂ ಕಾಯುವರು. ಬಂತು ಅನ್ನಿಸಿದ ಮೇಲೇ ಶೆಡ್ಡಿನ ಬಾಗಿಲು ಎಳೆಯುತ್ತಿದ್ದದ್ದು. ನಾನು ಹಿಂದೆ ನಿಂತು ಮೀಸೆಯಡಿ ನಗುತ್ತಿದ್ದೆ. ಓದಿದ ಅಳಿಯ ನೋಡಿ.

ಒಂದು ಮಳೆಗಾಲದಲ್ಲಿ ಮಾವ ತೀರಿಕೊಂಡರು. ಕಾರಿನ ಬ್ಯಾಟರಿ ಬಿಚ್ಚಿ ಪೇಟೆಯ ಅಂಗಡಿಯಲ್ಲಿ ಇಟ್ಟು, ಕೀಲಿಕೈಯನ್ನು ನಾನೇ ಜೇಬಿಗೆ ಹಾಕಿಕೊಂಡು ನಾಗಮಂಗಲಕ್ಕೆ ಬಂದೆ. ಆಗ ನನಗೆ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ಕಾರನ್ನು ಸರಿಮಾಡಿ ನಮ್ಮ ಮನೆಗೆ ಒಯ್ಯುವುದೆಂದು ಹೊರಟೆ. ಅತ್ತೆ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಎದುರುಮನೆ ಶಿವಣ್ಣ ಮಾತ್ರ ಗೇಟಿನ ಹತ್ತಿರ ನನ್ನನ್ನು ತಡೆದು ಮೆಲ್ಲಗೆ ಹೇಳಿದ.

"ತಕ್ಕಂಡೋಗ್ಬುಡಿ ಅತ್ಲಾಗೆ. ಬೆಳಗಿನ್ ಜಾವ ಅದು ಗುರ್ ಅಂತದೆ ಕಣ್ರೀ."

"ಕಬ್ಬಿನ ಲಾರಿ ಸದ್ದಿರಬೇಕು ಶಿವಣ್ಣ. ಫ್ಯಾಕ್ಟರಿ ನಡೀತಾ ಇದೆಯಲ್ಲ."

"ಲಾರಿಗೆ ನಮ್ ನಾಯಿ ಬೊಗುಳ್ತದೆ. ಇದ್ಕೆ ನಿಮ್ ಗೇಟ್ ತಾವ ಓಗಿ ಬಾಲ ಆಡುಸ್ತದೆ."

ಮಾವ ದಿನಾ ಅದೇ ಹೊತ್ತಿಗೆ ಕಾರಿನಲ್ಲಿ ಗದ್ದೆಗೆ ಹೊರಡುತ್ತಿದ್ದರು, ಆ ನಾಯಿಗೆ ಬಿಸ್ಕತ್ತು ಎಸೆದು. ಲಾರಿಯ ವಿಷಯ ಮತ್ತೆ ಎತ್ತದೆ ಶೆಡ್ಡಿಗೆ ಹೋದೆ.

ಎಂಜಿನ್ನನ್ನು ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಕೆಳಗಿನ ಬೋಲ್ಟು ಬಿಚ್ಚಬೇಕು, ತಣ್ಣಗಿದ್ದರೆ ಎಣ್ಣೆ ಸರಿಯಾಗಿ ಇಳಿಯುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು. ಆದರೆ ಬ್ಯಾಟರಿ ಮರುದಿನ ಕೊಡುತ್ತೇನೆಂದಿದ್ದ ಅಂಗಡಿಯವನು. ಇಳಿದಷ್ಟು ಇಳಿಯಲಿ ಎಂದು ಜಾಕು ಕೊಟ್ಟು, ಕಲ್ಲು ಒತ್ತರಿಸಿ, ಗೋಣಿತಾಟಿನ ಮೇಲೆ ಅಂಗಾತ ಮಲಗಿ ಒಳಗೆ ತೆವಳಿದೆ. ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಸಿಪ್ಪೆ ಸುಲಿಯಿತು. ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದೇ ಮಲಗಿದವನಿಗೆ ಅದಲುಬದಲಾಗಿ, ಬಹಳ ಹೊತ್ತು ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ ಎಂದು ಕಾಣುತ್ತದೆ. ಅಷ್ಟರಲ್ಲಿ ಶೆಡ್ಡಿನ ಬೆಳಕು ಮಂಕಾಯಿತು. ಬಾಗಿಲಲ್ಲಿ ಅತ್ತೆಯ ಪಾದಗಳು ಕಂಡವು.

"ದೀಪ ಅಚ್ಚೋ ಒತ್ತು. ಈ ಒತ್ನಲ್ಲಿ ಮನೆ ಎಣ್ಣೆ ಈಚೆಗೆ ಆಕಬಾರ್ದು ಅಳಿಯಂದ್ರೆ."

"ಅದು ಅಡುಗೆ ಎಣ್ಣೆಗೆ ಅತ್ತೆ" ಎಂದೆ. ಅದೇ ಗಳಿಗೆಗೆ ಬೋಲ್ಟು ಸಡಿಲಗೊಂಡು, ಕೈ ಜಾರಿ, ಕೆಳಗಿಟ್ಟಿದ್ದ ಬಾಂಡಲಿಗೆ ಬಿತ್ತು. ಎಣ್ಣೆ ನನ್ನ ಅಂಗೈ ಮೇಲೆ ಸುರಿಯಿತು.

ಎಣ್ಣೆ ಬೆಚ್ಚಗಿತ್ತು.

ಮಾಗಿಯ ಚಳಿ. ಶೆಡ್ಡಿನ ನೆಲ ಬೆನ್ನಿಗೆ ಕೊರೆಯುತ್ತಿತ್ತು. ಕೀಲಿಕೈ ನನ್ನ ಜೇಬಿನಲ್ಲಿ, ಬ್ಯಾಟರಿ ಪೇಟೆಯಲ್ಲಿ. ಆ ಎಣ್ಣೆ ಮಾತ್ರ ಈಗಷ್ಟೇ ಯಾರೋ ಓಡಿಸಿ ನಿಲ್ಲಿಸಿದ ಹಾಗೆ ಬೆಚ್ಚಗಿತ್ತು. ಅದರಿಂದ ಏಳುತ್ತಿದ್ದದ್ದು ಎಂಜಿನ್ ಆಯಿಲಿನ ಸುಟ್ಟ ವಾಸನೆಯಲ್ಲ, ಎಳೆಮಗುವಿನ ನೆತ್ತಿಯ ವಾಸನೆ. ಕೈಯನ್ನು ಕೊಡವಿಕೊಂಡು ನಾನು ಹೊರಗೆ ಹೇಗೆ ಬಂದೆನೋ ತಿಳಿಯದು.

ಅತ್ತೆ ನೆಲದ ಮೇಲೆ ಕೂತು ಬಾಂಡಲಿ ತುಂಬುವುದನ್ನೇ ನೋಡುತ್ತಿದ್ದರು.

"ನಾನೇ ಉಯ್ದಿದ್ದು" ಎಂದರು. "ಒಳಲೇಲಿ, ವಾರಕ್ಕೊಂದು ಕಿತ. ಗಾಡಿ ಕೀಲ್ಗೆ ಅರಳೆಣ್ಣೆ ತಾನೆ ನಾವು ಆಕ್ತಿದ್ದುದ್ದು? ಅವ್ರು ಬತ್ತಾರೆ, ಒಣಗಿದ್ರೆ ಬಯ್ತಾರೆ ಅಂತ."

"ಯಾರು ಬರ್ತಾರೆ ಅತ್ತೆ?"

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ನಾನು ಎಣ್ಣೆ ಉಯ್ದೆ. ಸ್ಟಾರ್ಟು ಮಾಡೋಕೆ ನಂಗೆಲ್ಲಿ ಬತ್ತದೆ? ಮಲಗಿದ್ದಂಗೇ ಕೇಳುಸ್ಕತೀನಿ. ಸದ್ದಾಯ್ತದೆ, ಆಮೇಕೆ ನಿಲ್ತದೆ. ಅಷ್ಟೆಯ. ಅಷ್ಟ್ ಸಾಕು ನಂಗೆ." ಬಾಂಡಲಿಯ ಕಡೆ ಬಾಗಿ, "ಅವ್ರು ಉಯ್ದಿದ್ ಎಣ್ಣೇನೂ ಅದ್ರಾಗೇ ಇತ್ತು. ಎಲ್ಲಾ ಬಂದ್ಬುಡ್ತಾ? ಕಾರೂ ಓಯ್ತದೆ, ಎಣ್ಣೇನೂ ಓಯ್ತದೆ. ಇನ್ ಯಾಕ್ ಬಂದಾರು" ಎಂದರು.

ಗಂಡ ಸತ್ತಾಗ ಕಣ್ಣೀರು ಹಾಕದೆ ಬಂದವರಿಗೆಲ್ಲ ಕಾಫಿ ಕಾಸಿದ ಹೆಂಗಸು ಅವರು. ಆ ಸಂಜೆ ಕಾರಿನ ಬಂಪರಿಗೆ ಹಣೆ ಆನಿಸಿ ಅತ್ತರು.

"ಎಲ್ಲಾ ಬರಲ್ಲ ಅತ್ತೆ" ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ, ಎಷ್ಟು ಬಸಿದರೂ ಎಂಜಿನ್ ಒಂದಿಷ್ಟು ಎಣ್ಣೆಯನ್ನು ತನ್ನ ಮೂಲೆಮೂಲೆಗಳಲ್ಲಿ ಉಳಿಸಿಕೊಳ್ಳುತ್ತದೆ. "ಮಾವ ಹುಯ್ದದ್ದು ಒಳಗೆ ಇದ್ದೇ ಇರುತ್ತೆ."

ಬೋಲ್ಟು ಹುಡುಕಲು ಆ ಬಾಂಡಲಿಗೆ ಮತ್ತೆ ಕೈ ಹಾಕಬೇಕಿತ್ತು. ನನ್ನಿಂದಾಗಲಿಲ್ಲ. ಅತ್ತೆಯೇ ಸೆರಗು ಸಿಕ್ಕಿಸಿ, ಮೊಣಕೈವರೆಗೆ ಅದ್ದಿ, ಗಡಿಬಿಡಿಯಿಲ್ಲದೆ ತಡಕಿ ತೆಗೆದುಕೊಟ್ಟರು. ಹೊಸ ಎಣ್ಣೆ ಹುಯ್ದಾದ ಮೇಲೆ ಒಳಗಿನಿಂದ ಒಳಲೆ ತುಂಬ ಹರಳೆಣ್ಣೆ ತಂದು ನನ್ನ ಮುಂದೆ ಹಿಡಿದರು. ಹಾಕಿದರೆ ಎಂಜಿನ್ನಿನೊಳಗೆ ಅಂಟು ಕಟ್ಟುತ್ತದೆಂದು ಗೊತ್ತಿದ್ದೂ ಹಾಕಿದೆ. ಹಳೆಯ ಎಣ್ಣೆಯನ್ನು ಅತ್ತೆ, ಗೆದ್ದಲು ಹತ್ತದಿರಲೆಂದು, ಶೆಡ್ಡಿನ ಕಂಬಗಳಿಗೆ ಬಳಿದರು. ಮರುದಿನ ಬ್ಯಾಟರಿ ಕೂಡಿಸಿ, ಕೀಲಿಕೈಯನ್ನು ಅತ್ತೆಯ ಕೈಗೇ ಕೊಟ್ಟು, ಕಾರನ್ನು ಅಲ್ಲೇ ಬಿಟ್ಟು ನಾಗಮಂಗಲದ ಬಸ್ಸು ಹತ್ತಿದೆ. ಆಮೇಲೂ ಸದ್ದು ಕೇಳುತ್ತದೆಯೇ ಎಂದು ಶಿವಣ್ಣನನ್ನು ಯಾವತ್ತೂ ವಿಚಾರಿಸಲಿಲ್ಲ.

ಈಗ ಅತ್ತೆಯಿಲ್ಲ, ಕಾರಿಲ್ಲ. ಶೆಡ್ಡಿದೆ, ಕಪ್ಪು ಕಂಬಗಳಿವೆ. ಇವತ್ತು ಮಗಳು ಬಿಡಲಿಲ್ಲ. ಬೆನ್ನ ಹಿಂದಿದ್ದ ನನ್ನ ಕೈಯನ್ನು ಎಳೆದು ಕೂಸಿನ ನೆತ್ತಿಯ ಮೇಲೆ ಇಟ್ಟೇಬಿಟ್ಟಳು. ಅದೇ ಬಿಸುಪು, ಅದೇ ವಾಸನೆ. ಅಂಗೈ ಕೆಳಗೆ ಆ ಮೆತ್ತನೆಯ ನೆತ್ತಿ, ನಿಂತಲ್ಲೇ ಓಡುತ್ತಿರುವ ಎಂಜಿನ್ನಿನ ಹಾಗೆ ಮಿಡಿಯುತ್ತಿತ್ತು. ನಾನು ಬಾಯಿ ತೆರೆದದ್ದು ಗೊತ್ತು. ಏನು ಹೇಳಬೇಕೆಂದು ಮಾತ್ರ ಯೋಚಿಸಿರಲಿಲ್ಲ.

"ಒಟ್ಟೆ ತುಂಬ್ತೇನ್ಲಾ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ನನ್ನ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು, ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ನಮ್ಮಪ್ಪ ಮಾತಾಡ್ದಂಗಾಯ್ತು" ಎಂದಳು.

ನಾನು ಕೈ ತೆಗೆಯಲಿಲ್ಲ. ಕೂಸು ಏನನ್ನುತ್ತದೋ ಎಂದು ಕಾಯುತ್ತ ಕೂತೆ.