ಉತ್ತರದ ಗೋಡೆಯ ಅಡ್ಡಗಲ್ಲುಗಳು

ಇಂಗ್ಲೆಂಡಿನ ಸ್ವೇಲ್‌ಡೇಲ್ ಕಣಿವೆಯ ಕಲ್ಲುಕುಟಿಗ ಹೆಡ್ಲಿ ಆಲ್ಡರ್ಸನ್‌ಗೆ ತಾನು ಕಟ್ಟಿದ ಗೋಡೆ ಬಿಟ್ಟರೆ ಬೇರೆ ಯಾವ ಗೋಡೆಯೂ ಗೋಡೆಯಲ್ಲ. ಉಳಿದವರ ಕೆಲಸಕ್ಕೆಲ್ಲ ಮೂಗು ಮುರಿಯುತ್ತಲೇ ಅವನಿಗೆ ಎಪ್ಪತ್ತು ತುಂಬಿತು.

ಹೈಗಿಲ್ ಒಕ್ಕಲುಮನೆ ಎಂದರಂತೂ ಅವನ ನಾಲಿಗೆಗೆ ಹಬ್ಬ. ಮುನ್ನೂರು ವರ್ಷದ ಕೆಳಗೆ ಜನಕ್ಕೂ ದನಕ್ಕೂ ಒಂದೇ ಸೂರು ಹಾಕಿದವನು ಜಿಪುಣ. ಕೊಟ್ಟಿಗೆಯನ್ನು ನಡುಮನೆ ಮಾಡಿಕೊಂಡ ಮೊಮ್ಮಗ ಜಂಬಗಾರ. ಕಿಟಕಿಗಳ ಮೇಲಿನ ತೆರಿಗೆ ಏರಿದಾಗ ಎರಡು ಕಿಟಕಿ ಮುಚ್ಚಿ, ತಾನು ಮಲಗುವ ಕೋಣೆಯ ಕಿಟಕಿಯ ಮೇಲೆ ‘ಚೀಸ್ ಕೋಣೆ’ ಎಂದು ಕೆತ್ತಿಸಿದವನು ಕಳ್ಳ. ಚೀಸ್ ಇಡುವ ಕೋಣೆಗೆ ತೆರಿಗೆ ಇರಲಿಲ್ಲವಲ್ಲ. ಮುಂಭಾಗಕ್ಕೆ ಉಬ್ಬುಗಾಜಿನ ಕಿಟಕಿ ಅಂಟಿಸಿದವರಿಗೆ ಕಣ್ಣೇ ಇರಲಿಲ್ಲ. ಇವರೆಲ್ಲರನ್ನೂ ಮೀರಿಸಿದ ಮುಠ್ಠಾಳ, 1971ರಲ್ಲಿ ಉತ್ತರದ ಗೋಡೆಯ ಸಂದಿಗಳಿಗೆ ಸುಣ್ಣದ ಬದಲು ಸಿಮೆಂಟ್ ಮೆತ್ತಿದ ಸೇತ್ ಕೋಟ್ಸ್. ಅವನು ಹೆಡ್ಲಿಯ ಹೆಂಡತಿ ಮೈರಾಳ ತಮ್ಮ.

“ಸಿಮೆಂಟ್ ನೀರು ಹಿಡಿದಿಟ್ಟುಕೊಳ್ಳುತ್ತೆ. ಇವತ್ತಲ್ಲ ನಾಳೆ ಆ ಗೋಡೆ ಮಲಗುತ್ತೆ,” ಎಂದು ಹೆಡ್ಲಿ ಮೂವತ್ತೆಂಟು ವರ್ಷ ಸಾರಿದ. ಗೋಡೆ ಮಲಗಲಿಲ್ಲ. ಆದರೆ ಸೇತ್‌ನನ್ನು ನಂಬಿ ಯಾರೂ ಮನೆ ಕಟ್ಟುವ ಕೆಲಸ ಕೊಡಲಿಲ್ಲ. ಕುರಿಬೇಲಿಯ ಕಲ್ಲು ಜೋಡಿಸುತ್ತಲೇ ಅವನ ಆಯಸ್ಸು ಸವೆಯಿತು.

ಈಗ ಅವನ ಶ್ವಾಸಕೋಶ ಕೆಟ್ಟಿತ್ತು. ಅದೇ ಹೊತ್ತಿಗೆ ಹೈಗಿಲ್‌ನ ಹೊಸ ಒಡತಿ, ಗೋಡೆಯನ್ನು ಬಿಚ್ಚಿ ಸರಿಮಾಡಲು ಹೆಡ್ಲಿಯನ್ನೇ ಕರೆದಳು.

“ಒಳಗೆ ಏನಾದ್ರೂ ಚೆನ್ನಾಗಿದ್ರೆ ಸೇತ್‌ಗೊಂದು ಮಾತು ಹೇಳ್ರೀ,” ಎಂದಳು ಮೈರಾ. “ನಿಮ್ಮ ಬಾಯಿಂದ ಅದೊಂದು ಕೇಳಿಸ್ಕೊಂಡು ಹೋಗ್ಬೇಕು ಅಂತ ಕಾಯ್ತಿದಾನೆ.”

“ಇದ್ದರೆ ತಾನೆ ಹೇಳೋದು!”

ಹೆಡ್ಲಿ ಒಬ್ಬನೇ ಕುಳಿತು ಸಿಮೆಂಟ್ ಕೆತ್ತಿ, ಹೊರಮೈಯ ಕಲ್ಲುಗಳನ್ನು ಇಳಿಸಿದ. ಇಂಥ ಗೋಡೆಗೆ ಎರಡು ಮೈ, ನಡುವೆ ಚೂರುಗಲ್ಲು. ಎರಡನ್ನೂ ಹಿಡಿದಿಡುವುದು ಆಚೆಯಿಂದ ಈಚೆಗೆ ಹಾಯುವ ಅಡ್ಡಗಲ್ಲು. ಹಳೆಯ ಅಡ್ಡಗಲ್ಲುಗಳನ್ನು ಯಾವನೋ ಎಂದೋ ಕಿತ್ತಿದ್ದ. ಆ ಜಾಗದಲ್ಲಿ ಹೊಸವು ಮೂರಿದ್ದವು. ಒಂದೊಂದೂ ಕೂದಲು ತೂರದಂತೆ ಕೂತಿತ್ತು. ಉಳಿಯ ಗೆರೆಗಳು ಎಡಗೈಯವನ ಗೆರೆಗಳು. ಕಣಿವೆಯಲ್ಲಿ ಎಡಗೈಯಲ್ಲಿ ಸುತ್ತಿಗೆ ಹಿಡಿಯುವವನು ಸೇತ್ ಒಬ್ಬನೇ. ಮೇಲೆ ಸಿಮೆಂಟ್ ಮೆತ್ತಿ ತಪ್ಪು ಮಾಡಿದ್ದರೂ, ಅಷ್ಟು ವರ್ಷ ಗೋಡೆ ನಿಂತಿದ್ದು ಇವನಿಂದಲೇ. ಹೆಡ್ಲಿ ಬೇಗಬೇಗ ಕಲ್ಲು ಮುಚ್ಚಿ ಸುಣ್ಣ ತುಂಬಿದ.

ಭಾನುವಾರ ಮಧ್ಯಾಹ್ನ ಪಬ್ಬಿನಲ್ಲಿ ಸೇತ್ ಕಾದು ಕೂತಿದ್ದ.

“ಒಳಗೆ ಹೇಗಿತ್ತು ಭಾವ?”

“ಕಸ ಕಣಯ್ಯಾ. ಬರೀ ಚೂರುಗಲ್ಲು. ಹೇಗೆ ನಿಂತಿತ್ತೋ ದೇವರೇ ಬಲ್ಲ.”

“ಅಡ್ಡಗಲ್ಲು?”

“ಒಂದೂ ಇಲ್ಲ.”

ಸೇತ್ ಬಹಳ ಹೊತ್ತು ಕೆಮ್ಮಿದ. ಆಮೇಲೆ ಪಕ್ಕದ ಮೇಜಿನಲ್ಲಿದ್ದ ಮುದುಕ ಡಿಕ್ ಪೀಕಾಕ್‌ನತ್ತ ಕೈ ತೋರಿಸಿದ. “ಮೂರು ಇಟ್ಟಿದ್ದೆ. ಎತ್ತಿಕೊಟ್ಟವನು ಇವನೇ, ಕೇಳು.”

“ಮೂರು,” ಎಂದ ಡಿಕ್. “ನನ್ನ ಸೊಂಟ ಇನ್ನೂ ಮರೆತಿಲ್ಲ.”

“ಅಂದ್ರೆ ನೀನು ಗೋಡೆ ಬಿಚ್ಚೇ ಇಲ್ಲ,” ಎಂದ ಸೇತ್. “ಮೇಲೆ ಮೇಲೆ ಸುಣ್ಣ ಸವರಿ ಬಂದಿದೀಯ. ಥೂ! ಊರಿಗೆಲ್ಲ ಬುದ್ಧಿ ಹೇಳೋ ದೊಡ್ಡ ಮನುಷ್ಯ, ಕೆಲಸ ಕದಿಯೋದಾ?”

ಪಬ್ಬಿಗೆ ಪಬ್ಬೇ ನಕ್ಕಿತು. ಬಿಚ್ಚಿ ನೋಡಿದೆ ಎಂದರೆ ಕಲ್ಲು ಇತ್ತೆಂದು, ಅದೂ ಚೆನ್ನಾಗಿತ್ತೆಂದು ಒಪ್ಪಬೇಕು. ಹೆಡ್ಲಿಯ ಕಿವಿ ಕೆಂಪಾಯಿತು. ಅವನು ಲೋಟದೊಳಗೆ ನೋಡಿದ.

“ಬಿಚ್ಚಲಿಲ್ಲ ಕಣಯ್ಯಾ,” ಎಂದ. “ಚಳಿ ಇತ್ತು.”