ಅಕ್ಕನ ಹಿಮ್ಮಡಿಯೊಂದಿಗೆ ಬಾಗಲಕೋಟೆಗೆ

ಇಳಕಲ್ಲಿನಿಂದ ಬಾಗಲಕೋಟೆಗೆ ಹೆಚ್ಚುಕಡಿಮೆ ಎಪ್ಪತ್ತು ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಕಂಡಕ್ಟರು ನಮ್ಮಿಬ್ಬರ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಕೊಟ್ಟರು. ಅರವತ್ತು ದಾಟಿದ ಅಕ್ಕ ಶಾಂತವ್ವ ಕಿಟಕಿ ಪಕ್ಕದ ಸೀಟಿಗಾಗಿ ಈಗಲೂ ನನ್ನ ಜೊತೆ ಜಗಳಕ್ಕೆ ನಿಂತಳು, ಗೆದ್ದಳು ಕೂಡ. ಅವಳಿಗೆ ಆಪರೇಶನ್ನಿಗೆ ಮೊದಲು ಕೊಡುವ ಇಮ್ಯುನೋಥೆರಪಿಯ ಡೋಸುಗಳು ಮುಗಿದಿದ್ದವು. ಔಷಧ ನಾಟಿತೋ ಇಲ್ಲವೋ ಎಂದು ಡಾಕ್ಟರು ಅವತ್ತು ಹೇಳುವವರಿದ್ದರು.

ಅವಳ ಬಲ ಹಿಮ್ಮಡಿಯಲ್ಲಿ ಚರ್ಮದ ಕ್ಯಾನ್ಸರ್. ತೊಡೆಸಂದಿಗೂ ಹಬ್ಬಿ ಗಡ್ಡೆ ಕಟ್ಟಿತ್ತು. ನಮ್ಮಪ್ಪನದು ನೂಲಿಗೆ ಬಣ್ಣ ಹಾಕುವ ಕೆಲಸ. ಚಿಕ್ಕವರಿದ್ದಾಗ ಚೆಲ್ಲಿದ ಬಣ್ಣ ತುಳಿದು ನಮ್ಮ ಅಂಗಾಲು ಸದಾ ಕಪ್ಪು. ಅವ್ವ ಇಟ್ಟಂಗಿ ಚೂರಿನಿಂದ ಉಜ್ಜಿದರೆ ಕಚಗುಳಿಗೆ ಹೊರಳಾಡಿ ನಗುತ್ತಿದ್ದೆವು. ಆ ಅಂಗಳ, ಆ ನಗು ಈಗ ಎಲ್ಲಿಂದ ತರುವುದು! ಅದೇ ರೂಢಿಯಲ್ಲಿ ಅಕ್ಕ ಹಿಮ್ಮಡಿಯಲ್ಲಿ ಮೂಡಿದ ಈ ಕಪ್ಪು ಕಲೆಯನ್ನೂ ಬಣ್ಣವೆಂದೇ ತಿಳಿದು ತಿಂಗಳುಗಟ್ಟಲೆ ಉಜ್ಜಿದ್ದಳು.

ಹುನಗುಂದದಲ್ಲಿ ಚಹಾ ಕುಡಿದೆವು. ಮನೆಯ ಮಗ್ಗದ ಮೇಲೆ ತಾನು ನೇಯುತ್ತಿದ್ದ ಸೀರೆಯನ್ನು ಆಪರೇಶನ್ನಿಗೆ ಮೊದಲೇ ಮುಗಿಸುವ ಹಟ ಅವಳಿಗೆ. "ಇದ ನನ್ನ ಕಡೀ ಸೀರಿ ಇರಬೇಕು" ಎಂದಳು. ನಾನು ಉಳಿದ ಚಹಾ ಚೆಲ್ಲಿ ಬಸ್ಸು ಹತ್ತಿದೆ.

ಅಮೀನಗಡದಲ್ಲಿ ಕರದಂಟು ಕೊಂಡೆ.

"ಡಾಕ್ಟರ್ ಏನರ ಕೆಟ್ಟ ಹೇಳಿದ್ರ ಇದನ್ನ ಯಾರ್ ತಿಂತಾರ?" ಎಂದಳು ಅಕ್ಕ.

"ನಾ ತಿಂತೇನಿ, ನೀ ಸುಮ್ಮನ ಕೂಡು."

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ ನಕ್ಕರು. "ಗಡ್ಡಿ ಭಾಳ ಕುಗ್ಗೇದ್ರಿ ಅವ್ವಾರ. ಅದು ಒಳಗ ಇದ್ದಾಗನ ಔಷಧ ಕೊಟ್ಟಿದ್ದು ಇದಕ್ಕ. ಗಡ್ಡಿ ನೋಡಿ ಮೈಗೆ ವೈರಿ ಗುರ್ತು ಸಿಕ್ಕದ, ತಾನ ಹೊಡದು ಕುಗ್ಗಿಸೇದ. ಇನ್ನ ಗಡ್ಡಿ ತಗದು, ಹಿಮ್ಮಡಿ ಕೊಯ್ದು, ತೊಡಿ ಚರ್ಮ ಹಚ್ಚತೀವಿ. ಆಮ್ಯಾಲೂ ಇದ ಔಷಧ ಕೆಲವು ತಿಂಗಳ ತಗೋಬೇಕು."

ಅಕ್ಕನಿಗೆ ಬೇಕಾದದ್ದು ಬೇರೆ. "ಮಗ್ಗ ತುಳಿಯಾಕ ಬರತದೇನ್ರಿ?"

"ಹೆಂಗ ತುಳಿತೀರಿ, ತೋರಿಸ್ರಿ."

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟವಳಂತೆ ಅಕ್ಕ ಕುರ್ಚಿಯ ತುದಿಗೆ ಸರಿದು, ಎಡ, ಬಲ ಎಂದು ಗಾಳಿಯಲ್ಲೇ ಒತ್ತಿದಳು. ಡಾಕ್ಟರು ಮೇಜಿನ ಕೆಳಗೆ ಬಗ್ಗಿ ನೋಡಿದರು. "ಒತ್ತೋದು ಮುಂಗಾಲಿಲೆ, ಹಿಮ್ಮಡಿಲೆ ಅಲ್ಲ. ಗಾಯ ಮಾಗಿದ ಮ್ಯಾಲೆ ಆಗಬಹುದ್ರಿ. ಪಕ್ಕಾ ಹೇಳಾಕ ಬರೂದಿಲ್ಲ."

ಪಕ್ಕಾ ಅಲ್ಲ ಎಂದದ್ದು ನನಗೆ ಕೇಳಿಸಿತು. ಆಗಬಹುದು ಎಂದದ್ದು ಅವಳಿಗೆ. ಮರಳುವಾಗ ಬಿಸಿಲು ಚುರುಗುಡುತ್ತಿತ್ತು. ಅಮೀನಗಡ ಬರುವುದರೊಳಗೆ ಕರದಂಟಿನ ಪೊಟ್ಟಣ ಖಾಲಿ. ಹೆಚ್ಚು ತಿಂದವಳು ಅವಳೇ.

ಇಳಕಲ್ಲಿಗೆ ಬಂದಾಗ ಸಂಜೆ. ಅಕ್ಕ ಚಪ್ಪಲಿ ಬಿಟ್ಟವಳೇ ನೇರ ಮಗ್ಗದ ಕೋಣೆಗೆ ಹೋದಳು. ನೇಯಲು ಕೂತೇಬಿಡುತ್ತಾಳೆಂದು ಬೈಯಲು ನಾನೂ ಹಿಂದೆ ಹೋದೆ. ಅವಳು ಅರ್ಧ ನೇಯ್ದ ಸೀರೆಯ ಮೇಲೆ ಅವ್ವನ ಹಳೆಯ ಸೀರೆ ಹೊದಿಸುತ್ತಿದ್ದಳು.

"ಇಷ್ಟು ಉಳಿಲಿ ಬಿಡು," ಎಂದಳು. "ಆಪರೇಶನ್ ಮುಗಿಸಿ ಬಂದ ಮ್ಯಾಲೆ ನೇಯ್ತೇನಿ."