ಅಪ್ಪನ ಗಲ್ಲಕ್ಕೆ ಬಿದ್ದ ಏಟು

ನಾನು ಚಿಕ್ಕವಳಿದ್ದಾಗ ನನಗಿದ್ದಷ್ಟು ಸಿಟ್ಟು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. "ಈಕಿ ಸಿಟ್ಟು ಮೂಗಿನ ತುದಿಮ್ಯಾಲ ಕುಂತಿರ್ತದ" ಎಂದು ಅವ್ವ ಅನ್ನುತ್ತಿದ್ದಳು. ದೊಡ್ಡವಳಾದಂತೆ ಬಹಳಷ್ಟು ಸಿಟ್ಟು ಇಳಿಯಿತು ಮಕ್ಕಳೇ, ಆದರೆ ಒಂದು ದಿನದ್ದು ಮಾತ್ರ ಇನ್ನೂ ಇಳಿದಿಲ್ಲ.

ನನ್ನ ಅಪ್ಪ ನಾಟಕದವನು. ಹನ್ನೆರಡನೇ ವಯಸ್ಸಿಗೆ ಕಂಪನಿ ಸೇರಿ, ಸೀರೆ ಉಟ್ಟು ರಾಣಿಯ ಪಾತ್ರ ಮಾಡಿದನಂತೆ. ಮೀಸೆ ಬಂದ ಮೇಲೆ ರಾಕ್ಷಸನಾದ, ಪೊಲೀಸನಾದ, ಜಿಪುಣ ಶೆಟ್ಟಿಯಾದ, ಕುಡುಕನಾದ. ಹಲ್ಲಿಲ್ಲದ ಮುದುಕಿಯಾಗಿ ಬಂದರಂತೂ ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಅವನಿಗೆ ಗಟ್ಟಿಯಾಗಿ ಅಂಟಿಕೊಂಡದ್ದು ಹಾಸ್ಯಗಾರನ ಪಾತ್ರ. ಕಂಪನಿ ಮುಚ್ಚಿದ ಮೇಲೆ ನಾವು ಶಹಾಪುರದಲ್ಲಿ ಮನೆ ಮಾಡಿಕೊಂಡೆವು. ಸುತ್ತಲಿನ ಹಳ್ಳಿಯವರು ತಾವೇ ಪಾತ್ರ ಕಟ್ಟಿ ನಾಟಕ ಆಡುವಾಗ, ಕಲಿಸಲು ಅಪ್ಪನನ್ನು ಕರೆಯುತ್ತಿದ್ದರು. ಹಾಸ್ಯದ ಪಾತ್ರವನ್ನು ಅವನೇ ಮಾಡುತ್ತಿದ್ದ. ಅಕ್ಕನಿಗೆ ಆಗ ಹದಿನೇಳು. ನಾಯಕಿಯ ಪಾತ್ರ ಅವಳದು.

ಅಂಥ ಒಂದು ಊರು ಕೆಂಭಾವಿಯಿಂದ ಆಚೆಗಿತ್ತು. ಹೆಸರು ಹೇಳುವುದಿಲ್ಲ. ಅಲ್ಲಿಯ ಸಾಹುಕಾರರ ಮನೆಯ ಮೊಮ್ಮಕ್ಕಳೂ ಈಗ ನಿಮ್ಮ ಹಾಗೆ ಶಾಲೆಗೆ ಹೋಗುತ್ತಿರಬಹುದು. ಆ ಸಾಹುಕಾರರ ಮಗನಿಗೆ ನಾಯಕನಾಗುವ ಹುಚ್ಚು. ರಾತ್ರಿ ಆಟವಿತ್ತು, ಮಧ್ಯಾಹ್ನ ಕೊನೆಯ ತಾಲೀಮು. ಶಾಲೆಯ ಮುಂದೆ ಹಲಗೆ ಜೋಡಿಸಿ ರಂಗ ಕಟ್ಟಿದ್ದರು. ಬಿಸಿಲಿಗೆ ಹಲಗೆಗಳು ಕಾದಿದ್ದವು. ಅಪ್ಪನ ಟ್ರಂಕಿನಿಂದ ಬಣ್ಣದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ತಾಲೀಮು ನೋಡಲು ಅರ್ಧ ಊರೇ ನೆರೆದಿತ್ತು. ಅಪ್ಪ, ಅಕ್ಕನ ಜೊತೆ ಹೋಗಿದ್ದ ನಾನು ರಂಗದ ಬದಿಯಲ್ಲಿ ಕುಳಿತಿದ್ದೆ. ಸಾಹುಕಾರರು ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

ನಾಟಕದಲ್ಲಿ ಒಡೆಯ ತನ್ನ ಆಳಿನ ಕೆನ್ನೆಗೆ ಹೊಡೆಯುವ ಒಂದು ಸನ್ನಿವೇಶವಿತ್ತು. ಒಡೆಯ ಸಾಹುಕಾರರ ಮಗ, ಆಳು ನನ್ನಪ್ಪ. ಹೊಡೆಯುವವನ ಕೈ ಗಲ್ಲದ ಮುಂದೆ ಬಂದು ನಿಲ್ಲಬೇಕು. ಅದೇ ಹೊತ್ತಿಗೆ ಹೊಡೆಸಿಕೊಳ್ಳುವವನು ಚಪ್ಪಾಳೆ ತಟ್ಟಿ ಸಪ್ಪಳ ಮಾಡಬೇಕು. ಅಪ್ಪ ಇದನ್ನು ಅವನಿಗೆ ಒಂದು ತಿಂಗಳು ಕಲಿಸಿದ್ದ.

ಆ ದಿನ ಅವನು ನಿಜವಾಗಿ ಹೊಡೆದ.

ಅಪ್ಪ ತಟ್ಟನೆ ಮೂರು ಸುತ್ತು ತಿರುಗಿ ದೊಪ್ಪನೆ ಕುಳಿತ. ಜನ ಗೊಳ್ಳೆಂದು ನಕ್ಕರು. ಅಪ್ಪ ಎದ್ದು ಮೆಲ್ಲಗೆ, "ಹಂಗ ಬ್ಯಾಡ್ರಿ ಸಣ್ಣ ಧಣಿ. ಕೈ ಮುಂದ ನಿಲ್ಲಿಸ್ರಿ, ಸಪ್ಪಳ ನಾ ಮಾಡ್ತೀನಿ" ಎಂದ.

"ಮಂದಿ ನಗಾಕತ್ತಾರಲ್ಲ, ಮತ್ತೇನು ಬೇಕು ನಿನಗ?" ಎಂದ ಅವನು. ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವನು! ಎರಡನೇ ಸಲ ಇನ್ನೂ ಜೋರಾಗಿ ಹೊಡೆದ. ಅಪ್ಪನ ತಲೆಯ ರುಮಾಲು ಹಾರಿ ಕೆಳಗೆ ಬಿತ್ತು. ಜನ ಇನ್ನೂ ಜೋರಾಗಿ ನಕ್ಕರು. ಹೊಡೆದವನಿಗಿಂತ ನಕ್ಕವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು.

ಮುಂದಿನ ಮಾತು ಅಕ್ಕನದು. ಅವಳು ಬಾಯಿ ಬಿಡಲಿಲ್ಲ.

"ಯಾಕ, ಮಾತು ಮರ್ತಿ ಏನು?" ಎಂದು ಸಾಹುಕಾರರು ಕುರ್ಚಿಯಿಂದಲೇ ಕೇಳಿದರು.

"ಮರ್ತಿಲ್ರಿ. ಹೇಳಂಗಿಲ್ಲ" ಎಂದಳು ಅಕ್ಕ.

"ಹಾಸ್ಯಗಾರ ಇರೋದ ಹೊಡಿಸ್ಕೊಳ್ಳಾಕ" ಎಂದು ನಗುತ್ತ ಆ ಮಗ ಮೂರನೇ ಸಲ ಕೈ ಎತ್ತಿದ. ನಾನು ರಂಗಕ್ಕೆ ಹತ್ತಿದ್ದು ನನಗೆ ನೆನಪಿಲ್ಲ. ಅವನ ಮುಂಗೈ ಕಚ್ಚಿ ಹಿಡಿದದ್ದು ಮಾತ್ರ ನೆನಪಿದೆ. ಬಾಯಲ್ಲಿ ಉಪ್ಪು ಉಪ್ಪು. ಅವನು ಕೈ ಕೊಡವಿದ ರಭಸಕ್ಕೆ ನಾನು ಹಲಗೆಯ ಮೇಲೆ ಬಿದ್ದೆ, ಮೊಣಕಾಲು ತರಚಿ ರಕ್ತ ಬಂತು.

ಅಪ್ಪ ನನ್ನನ್ನು ಎತ್ತಿ ಅಕ್ಕನ ಹತ್ತಿರ ನಿಲ್ಲಿಸಿದ. ಆಗ ಅವನ ಮುಖ ನೋಡಿದೆ. ರಾಕ್ಷಸ, ಮುದುಕಿ, ಕುಡುಕ, ಎಲ್ಲರ ಮುಖವನ್ನೂ ಅವನಲ್ಲಿ ಕಂಡಿದ್ದೆ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ.

"ಸಣ್ಣ ಧಣಿ, ಈಗ ನೀವು ಆಳಾಗ್ರಿ. ನಾ ಒಡೆಯ ಆಗ್ತೀನಿ. ಹೊಡಿಯೋದು ಹೆಂಗಂತ ತೋರಿಸ್ತೀನಿ" ಎಂದ.

ಊರೆಲ್ಲ ನೋಡುತ್ತಿರುವಾಗ ಒಲ್ಲೆ ಎನ್ನಲು ಅವನಿಗೆ ನಾಚಿಕೆ. ನಿಂತುಕೊಂಡ. ಅಪ್ಪ ಬೆನ್ನು ನೆಟ್ಟಗೆ ಮಾಡಿದ, ಎದೆ ಉಬ್ಬಿಸಿದ. ಗಿಡ್ಡ ಅಪ್ಪ ಅವನಿಗಿಂತ ಎತ್ತರ ಕಂಡ. ಕೈ ಎತ್ತಿದ. ನಗುತ್ತಿದ್ದ ಜನ ಕತ್ತು ಚಾಚಿದರು. ಕೈ ಗಾಳಿ ಸೀಳಿಕೊಂಡು ಬಂದು ಗಲ್ಲದಿಂದ ಒಂದು ಬೆರಳು ದೂರದಲ್ಲಿ ನಿಂತಿತು. ಸಾಹುಕಾರರ ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕುಳಿತುಬಿಟ್ಟಿದ್ದ!

ಗುಂಪಿನ ಹಿಂದೆ ಒಬ್ಬ ಮುದುಕಿ ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು.

ಸಾಹುಕಾರರು ಎದ್ದು ನಿಂತರು. "ಸಾಕು. ಪೆಟ್ಟಿಗಿ ಕಟ್ಟು" ಎಂದರು.

ಅಪ್ಪನಿಗಿಂತ ಮೊದಲು ಅಕ್ಕ ಟ್ರಂಕಿನ ಮುಚ್ಚಳ ಹಾಕಿದಳು. ನಾವು ಜೋಳದ ಹೊಲಗಳ ನಡುವಿನ ದಾರಿ ಹಿಡಿದು ಬಸ್ಸಿನ ರಸ್ತೆಗೆ ನಡೆದೆವು. ಮೊಣಕಾಲು ಉರಿಯುತ್ತಿತ್ತು. ನನಗೆ ಅಪ್ಪನ ಮೇಲೂ ಸಿಟ್ಟು.

"ಖರೇನ ಯಾಕ ಹೊಡೀಲಿಲ್ಲ ನೀ?" ಎಂದು ಅತ್ತೆ.

ಅಪ್ಪ ಟ್ರಂಕನ್ನು ಕೆಳಗಿಟ್ಟು ಬಲಗೈ ಚಾಚಿ ತೋರಿಸಿದ. "ಹೊಡೀಬೇಕಂತನ ಎತ್ತಿದ್ದೆ ಮಗಳ. ಇಷ್ಟು ವರ್ಷದ ರೂಢಿ ನೋಡು, ಕೈ ತಾನ ನಿಂತುಬಿಡ್ತು." ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿದ. ಅಕ್ಕ ಅವನ ಗಲ್ಲಕ್ಕೆ ತನ್ನ ಸೆರಗು ಒತ್ತಿದಳು. ಅಲ್ಲಿ ಮೂರು ಬೆರಳು ಕೆಂಪಗೆ ಮೂಡಿದ್ದವು.

ಆಮೇಲೆ ಎರಡು ವರ್ಷ ಆ ಕಡೆಯ ಯಾವ ಊರಿನವರೂ ಅಪ್ಪನನ್ನು ಕರೆಯಲಿಲ್ಲ. ಕೊನೆಗೆ ಸುರಪುರದ ಹುಡುಗರು ಕರೆದರು. ಮುಂದೆ ರೇಡಿಯೋದಲ್ಲಿ ಅವನ ಧ್ವನಿ ಬಂತು, ನಾಲ್ಕಾರು ಸಿನಿಮಾಗಳಲ್ಲಿ ಪೋಸ್ಟ್‌ಮ್ಯಾನ್, ಪೂಜಾರಿ, ಮಾವ ಆದ. ಎಲ್ಲಿ ಹೋದರೂ ಹೊಸ ಹುಡುಗರಿಗೆ ಅವನು ಮೊದಲು ಕಲಿಸುತ್ತಿದ್ದದ್ದು ಕೈ ನಿಲ್ಲಿಸುವುದನ್ನು.

ನಮ್ಮ ಕಾಲದಲ್ಲಿ ನಗಬೇಕೆಂದರೆ ಚಾಪೆ ಹಿಡಿದುಕೊಂಡು ಹರದಾರಿ ದೂರ ನಡೆಯಬೇಕಿತ್ತು. ನಗಿಸುವವನು ನಮ್ಮ ಎದುರಿಗೇ ಇರುತ್ತಿದ್ದ, ಅವನ ಬೆವರು ಕಾಣುತ್ತಿತ್ತು. ಆದರೂ ನಾವು ಕೆಟ್ಟದಾಗಿ ನಕ್ಕೆವು. ನಿಮಗೆ ನಗು ಅಂಗೈಯಲ್ಲೇ ಸಿಗುತ್ತದೆ, ಬೆರಳು ಸರಿಸಿದರೆ ಇನ್ನೊಂದು. ಮೊನ್ನೆ ಭಾನುವಾರ ಮೊಮ್ಮಗ ಒಂದು ವಿಡಿಯೋ ತೋರಿಸಿದ. ತರಕಾರಿ ಮಾರುವ ಒಬ್ಬ ಮುದುಕನ ಮೇಲೆ ಯಾರೋ ಹಿಂದಿನಿಂದ ಬಕೆಟ್ಟು ನೀರು ಸುರಿದರು. ಮುದುಕ ಬೆಚ್ಚಿಬಿದ್ದ. ಮೊಮ್ಮಗ ನಕ್ಕ, "ನೋಡಜ್ಜಿ, ಮತ್ತೊಮ್ಮೆ ನೋಡು" ಎಂದ.

ನಾನು ಫೋನು ಕಸಿದುಕೊಂಡೆ. ಅವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಇರಲಿ. ನನಗೂ ಇದೆ.